ವಿಮಾನದ ಗಾಲಿಗೆ ಗೇಜ್ ಹಿಡಿಯುವ ಹೊತ್ತು

ವಿಮಾನದ ಬಗ್ಗೆ ಓದುಗರು ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: ಇಳಿಯುವ ಹೊತ್ತಿಗೆ ಚಕ್ರ ಹೊರಗೆ ಬರದಿದ್ದರೆ ಏನು ಗತಿ? ಮಗಳ ಬಾಣಂತನಕ್ಕೆಂದು ಮೊದಲ ಸಲ ವಿಮಾನ ಹತ್ತಿದ ಹಾಸನದ ತಾಯಿಯೊಬ್ಬರು, ದೆಹಲಿ ಹತ್ತಿರವಾದಾಗ ಕಾಲ ಕೆಳಗೆ ದಡ್ ಎಂದು ಶಬ್ದವಾಯಿತೆಂದೂ, ಅಲ್ಲಿಂದ ನೆಲ ಮುಟ್ಟುವವರೆಗೆ ಕಣ್ಣು ಮುಚ್ಚಿ ರಾಯರನ್ನು ನೆನೆಯುತ್ತ ಕೂತಿದ್ದೆನೆಂದೂ ಬರೆದಿದ್ದಾರೆ. ಅಮ್ಮಾ, ಆ ಶಬ್ದ ಕೇಳಿಸಿದ್ದು ಒಳ್ಳೆಯದೇ ಆಯಿತು. ಬಾಗಿಲು ತೆರೆದು, ಲ್ಯಾಂಡಿಂಗ್ ಗೇರ್ ಕೆಳಗಿಳಿದು, ಲಾಕ್ ಆಗಿ ಕೂತಾಗ ಬರುವ ಶಬ್ದ ಅದು.

ಲೈಸೆನ್ಸ್ ಪಡೆದ ವಿಮಾನ ನಿರ್ವಹಣಾ ಎಂಜಿನಿಯರ್ ಆಗಿ ನನ್ನ ದುಡಿಮೆಯ ಬಹುಪಾಲು ಕಳೆದದ್ದು ವಿಮಾನದ ಹೊಟ್ಟೆಯ ಕೆಳಗೆ. ನಮ್ಮ ವಲಯದಲ್ಲಿ ಎ.ಎಂ.ಇ. ಅನ್ನುತ್ತಾರೆ. ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿ ಶುರುವಾದ ಕೆಲಸ ದೇವನಹಳ್ಳಿಯಲ್ಲಿ ಮುಗಿಯಿತು. ಇಷ್ಟು ಕಾಲ ಗೇರನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಅನ್ನಿಸುವುದು, ಪ್ರಯಾಣಿಕರು ಹೆದರುವ ಘಳಿಗೆ ಒಂದು, ನಾವು ಹೆದರುವ ಘಳಿಗೆ ಇನ್ನೊಂದು. ನಮ್ಮ ಭಯವೆಲ್ಲ ಪ್ರಯಾಣಿಕರು ಹತ್ತುವ ಮುಂಚೆಯೇ, ವಿಮಾನ ನಿಂತಿರುವ ಬೇನಲ್ಲೇ ಇರುತ್ತದೆ.

ಮೊದಲು ಇಳಿಯದ ಚಕ್ರದ ಮಾತು ಮುಗಿಸುತ್ತೇನೆ. 2011ರ ನವೆಂಬರ್ 1ರಂದು ಪೋಲೆಂಡಿನ ಲಾಟ್ ಸಂಸ್ಥೆಯ ಬೋಯಿಂಗ್ 767 ವಿಮಾನ ಅಮೆರಿಕದ ನ್ಯೂವರ್ಕ್‌ನಿಂದ 231 ಜನರನ್ನು ಹೊತ್ತು ವಾರ್ಸಾಕ್ಕೆ ಬಂತು. ಹೊರಟ ಸ್ವಲ್ಪ ಹೊತ್ತಿಗೇ ಗೇರ್ ಇಳಿಸಬೇಕಾದ ಹೈಡ್ರಾಲಿಕ್ ವ್ಯವಸ್ಥೆಯ ಎಣ್ಣೆ ಸೋರಿಹೋಗಿತ್ತು. ಅದಕ್ಕೆ ಬದಲಿ ದಾರಿ ಇದೆ. ಗೇರನ್ನು ಮೇಲೆ ಹಿಡಿದಿಟ್ಟ ಕೊಕ್ಕೆಗಳನ್ನು ಒಂದು ವಿದ್ಯುತ್ ಮೋಟಾರ್ ಬಿಡಿಸುತ್ತದೆ, ಗೇರ್ ತನ್ನ ಭಾರಕ್ಕೆ ತಾನೇ ಕೆಳಗೆ ಬಿದ್ದು ಲಾಕ್ ಆಗುತ್ತದೆ. ಅವತ್ತು ಅದೂ ಕೆಲಸ ಮಾಡಲಿಲ್ಲ. ಕ್ಯಾಪ್ಟನ್ ತಾದೆಯುಶ್ ವ್ರೋನಾ ಒಂದು ಗಂಟೆಗೂ ಹೆಚ್ಚು ಹೊತ್ತು ನಗರದ ಮೇಲೆ ಸುತ್ತಿ, ಇಂಧನ ಸುಟ್ಟು, ವಿಮಾನವನ್ನು ಹೊಟ್ಟೆಯ ಮೇಲೇ ರನ್‌ವೇಗೆ ಇಳಿಸಿದರು. ಒಬ್ಬರಿಗೂ ಗಂಭೀರ ಪೆಟ್ಟಾಗಲಿಲ್ಲ. ಆಮೇಲೆ ಎಂಜಿನಿಯರ್‌ಗಳು ವಿಮಾನವನ್ನು ಮೇಲೆತ್ತಿ ನೋಡಿದರೆ ಸಹಪೈಲಟ್ ಕುರ್ಚಿಯ ಪಕ್ಕದ ಫಲಕದಲ್ಲಿ ಒಂದು ಸರ್ಕ್ಯೂಟ್ ಬ್ರೇಕರ್ ಹೊರಗೆ ಬಂದಿತ್ತು. ಅದನ್ನು ಒಳಗೆ ಒತ್ತಿ ವಿದ್ಯುತ್ ಕೊಟ್ಟದ್ದೇ ತಡ, ಗೇರ್ ಸಲೀಸಾಗಿ ಇಳಿಯಿತು.

2005ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜೆಟ್‌ಬ್ಲೂ ಸಂಸ್ಥೆಯ ಎ320 ಮುಂದಿನ ಚಕ್ರ 90 ಡಿಗ್ರಿ ಅಡ್ಡ ತಿರುಗಿದ್ದರೂ ಇಳಿಯಿತು. ಟೈರ್ ಉರಿದು, ರಿಮ್ ಸವೆದು, ವಿಮಾನ ರನ್‌ವೇ ನಡುವಿನ ಗೆರೆಯ ಮೇಲೇ ನಿಂತಿತು. ಎಲ್ಲರೂ ಮೆಟ್ಟಿಲು ಇಳಿದು ಹೋದರು. ಚಕ್ರ ಬರದಿದ್ದಾಗ, ಬಂದದ್ದು ಸರಿಯಿಲ್ಲದಿದ್ದಾಗ, ಪೈಲಟ್ ಕೈಯಲ್ಲಿ ಸಮಯ ಇರುತ್ತದೆ. ಕೈಪಿಡಿ ತೆರೆಯಬಹುದು, ಇಂಧನ ಸುಡಬಹುದು, ಕೆಳಗೆ ಅಗ್ನಿಶಾಮಕ ಗಾಡಿಗಳು ಬಂದು ನಿಲ್ಲುತ್ತವೆ. ಈ ಭಯವನ್ನೇ ಹಚ್ಚಿಕೊಂಡು ಉಳಿದದ್ದು ಮರೆತರೆ ಅನಾಹುತವಾಗುತ್ತದೆ. 1972ರ ಡಿಸೆಂಬರ್ 29ರ ರಾತ್ರಿ ಮಯಾಮಿ ಹತ್ತಿರ ಈಸ್ಟರ್ನ್ ಸಂಸ್ಥೆಯ ಟ್ರೈಸ್ಟಾರ್ ವಿಮಾನದಲ್ಲಿ ಮುಂದಿನ ಗೇರ್ ಲಾಕ್ ಆಗಿದೆ ಎಂದು ತೋರಿಸುವ ಪುಟ್ಟ ಬಲ್ಬ್ ಹತ್ತಲಿಲ್ಲ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಅದರ ಹಿಂದೆ ಬಿದ್ದರು. ಆಟೊಪೈಲಟ್ ಎತ್ತರ ಹಿಡಿಯುವುದನ್ನು ಬಿಟ್ಟದ್ದನ್ನು ಯಾರೂ ಗಮನಿಸಲಿಲ್ಲ. ವಿಮಾನ ಜೌಗು ನೆಲಕ್ಕೆ ಬಿದ್ದು 101 ಜನ ಸತ್ತರು. ಗೇರ್ ಸರಿಯಾಗಿಯೇ ಇಳಿದಿತ್ತು. ಕೆಟ್ಟದ್ದು ಬಲ್ಬ್ ಮಾತ್ರ.

ಈಗ ನಮ್ಮ ಭಯಕ್ಕೆ ಬರುತ್ತೇನೆ. ಗಾಲಿಗೆ ಅತಿ ಕಷ್ಟದ ಕೆಲಸ ಇಳಿಯುವಾಗ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ, ಹೊಗೆ ಏಳುವುದು ಆಗಲೇ ತಾನೆ. ಆದರೆ ಎ320 ಮಾದರಿಯ ವಿಮಾನ ಏರುವಾಗ 78 ಟನ್‌ವರೆಗೆ ತೂಗಬಹುದು. ಇಳಿಯುವಾಗ 66 ಟನ್ ಮೀರುವಂತಿಲ್ಲ. ಇಳಿಯುವಾಗ ರೆಕ್ಕೆ ಇನ್ನೂ ಸ್ವಲ್ಪ ಭಾರ ಹೊತ್ತಿರುತ್ತದೆ, ವೇಗ ಕ್ಷಣಕ್ಷಣಕ್ಕೂ ಇಳಿಯುತ್ತಿರುತ್ತದೆ. ಏರುವಾಗ ಎಲ್ಲವೂ ತಿರುವುಮುರುವು. ಟ್ಯಾಂಕ್ ತುಂಬಿದ ವಿಮಾನ ಟರ್ಮಿನಲ್‌ನಿಂದ ರನ್‌ವೇ ತುದಿಯವರೆಗೆ ಕಿಲೋಮೀಟರ್‌ಗಟ್ಟಲೆ ಉರುಳುತ್ತದೆ, ಆಮೇಲೆ ಗಂಟೆಗೆ 250 ಕಿ.ಮೀ. ಮೀರಿ ಓಡುತ್ತದೆ. ಪ್ರತಿ ಸುತ್ತಿಗೂ ಟೈರಿನ ಪಕ್ಕೆ ಬಾಗಿ ನೆಟ್ಟಗಾಗುತ್ತದೆ. ಕಬ್ಬಿಣದ ತಂತಿಯನ್ನು ಅತ್ತಿತ್ತ ಬಗ್ಗಿಸುತ್ತ ಹೋದರೆ ಬೆರಳಿಗೆ ಬಿಸಿ ತಗಲುವ ಹಾಗೆ ರಬ್ಬರಿನ ಒಳಗೂ ಬಿಸಿ ಸೇರುತ್ತದೆ. ಒತ್ತಡ ಕಡಿಮೆ ಇದ್ದಷ್ಟೂ ಬಾಗುವುದು ಹೆಚ್ಚು, ಬಿಸಿಯೂ ಹೆಚ್ಚು. ಇಷ್ಟು ಬಿಸಿಯಾದ ಗಾಲಿಯನ್ನು ನೆಲ ಬಿಟ್ಟ ಕೂಡಲೇ ಎತ್ತಿ ವಿಮಾನದ ಹೊಟ್ಟೆಯೊಳಗೆ ಇಟ್ಟು ಬಾಗಿಲು ಮುಚ್ಚುತ್ತಾರೆ. ಅಲ್ಲಿ ಅದರ ನೆರೆಹೊರೆ ಹೈಡ್ರಾಲಿಕ್ ಪೈಪುಗಳು, ವೈರುಗಳು, ಪಕ್ಕದಲ್ಲೇ ಇಂಧನದ ಟ್ಯಾಂಕ್.

1986ರ ಮಾರ್ಚ್ 31ರಂದು ಮೆಕ್ಸಿಕೊ ನಗರದಿಂದ ಹೊರಟ ಮೆಕ್ಸಿಕಾನಾ ಸಂಸ್ಥೆಯ ಬೋಯಿಂಗ್ 727ರ ಬ್ರೇಕ್ ಕಾದಿತ್ತು. ಆ ಬಿಸಿ ಟೈರಿಗೆ ತಗುಲಿತು. ಟೈರಿಗೆ ನೈಟ್ರೋಜನ್ ತುಂಬುವ ಬದಲು ಮಾಮೂಲಿ ಗಾಳಿ ತುಂಬಿದ್ದರು. ಕಾದ ರಬ್ಬರ್ ಬಿಡುವ ಅನಿಲ ಗಾಳಿಯ ಆಮ್ಲಜನಕದ ಜೊತೆ ಸೇರಿದರೆ ಟೈರ್ ಬಾಂಬಿನಂತೆ ಸಿಡಿಯುತ್ತದೆ. ಆಕಾಶದಲ್ಲಿ ಅದೇ ಆಯಿತು. ಇಂಧನದ, ಹೈಡ್ರಾಲಿಕ್‌ನ ಪೈಪುಗಳು ಹರಿದು, ಬೆಂಕಿ ಹತ್ತಿ, ವಿಮಾನ ಬೆಟ್ಟಕ್ಕೆ ಅಪ್ಪಳಿಸಿತು. 167 ಜನರಲ್ಲಿ ಯಾರೂ ಉಳಿಯಲಿಲ್ಲ. ದೊಡ್ಡ ವಿಮಾನಗಳ ಬ್ರೇಕ್ ಇರುವ ಚಕ್ರಗಳ ಒಳಗೆ ಆಮ್ಲಜನಕ ಶೇ 5 ಮೀರಬಾರದು ಎಂಬ ಅಮೆರಿಕದ ನಿಯಮ ಈ ದುರಂತದ ನಂತರದ ವರ್ಷಗಳಲ್ಲಿ ಬಂದದ್ದು. ನೈಟ್ರೋಜನ್ ಯಾಕೆ ಎಂದು ಹೊಸ ಹುಡುಗರು ಕೇಳಿದಾಗಲೆಲ್ಲ ನಾನು ಹೇಳುತ್ತಿದ್ದದ್ದು ಈ ಕಥೆಯನ್ನೇ.

ಇದಕ್ಕಿಂತಲೂ ನನ್ನನ್ನು ಕಾಡಿರುವುದು ಜೆದ್ದಾ. 1991ರ ಜುಲೈ 11ರ ಬೆಳಿಗ್ಗೆ ಹಜ್ ಮುಗಿಸಿದ ಯಾತ್ರಿಕರನ್ನು ನೈಜೀರಿಯಾದ ಸೊಕೊಟೊಗೆ ಕರೆದೊಯ್ಯಲು ಡಿಸಿ-8 ವಿಮಾನವೊಂದು ಹೊರಟಿತು. ನೈಜೀರಿಯಾ ಏರ್‌ವೇಸ್‌ನ ಪರವಾಗಿ ಅದನ್ನು ಹಾರಿಸುತ್ತಿದ್ದದ್ದು ಕೆನಡಾದ ನೇಷನ್ಏರ್ ಎಂಬ ಸಂಸ್ಥೆ. ಎರಡು ಟೈರುಗಳಲ್ಲಿ ಒತ್ತಡ ಕಡಿಮೆ ಇರುವುದು ಅದರ ಮೆಕ್ಯಾನಿಕ್‌ಗಳಿಗೆ ಕೆಲವು ದಿನ ಮೊದಲೇ ಗೊತ್ತಿತ್ತು. ತುಂಬಲು ನೈಟ್ರೋಜನ್ ಸುಲಭವಾಗಿ ಸಿಗಲಿಲ್ಲ. ವಿಮಾನ ತಡವಾಗಬಾರದೆಂಬ ಒತ್ತಾಯ ಮೇಲಿನಿಂದ ಇತ್ತು. ಹಾಗೇ ಬಿಟ್ಟರು. ರನ್‌ವೇ ಮೇಲೆ ಓಡುವಾಗ ಒಂದೇ ಅಚ್ಚಿನ ಜೋಡಿಯಲ್ಲಿ ಒತ್ತಡ ಕಡಿಮೆಯಿದ್ದ ಟೈರ್ ತನ್ನ ಪಾಲಿನ ಭಾರ ಹೊರಲಿಲ್ಲ. ಎಲ್ಲ ಭಾರ ಪಕ್ಕದ ಟೈರ್ ಮೇಲೆ ಬಿತ್ತು. ಮೊದಲು ಅದು ಒಡೆಯಿತು, ಆಮೇಲೆ ಇದು. ರಿಮ್ ನೆಲಕ್ಕೆ ಉಜ್ಜಿ ಬೆಂಕಿ ಹತ್ತಿತು. ಕಾಕ್‌ಪಿಟ್‌ನಲ್ಲಿದ್ದವರಿಗೆ ಒಂದು ಸದ್ದು ಕೇಳಿಸಿತೇ ಹೊರತು ಬೆಂಕಿ ಕಾಣಿಸಲಿಲ್ಲ. ಅವರು ಎಲ್ಲ ಪೈಲಟ್‌ಗಳೂ ಮಾಡುವುದನ್ನೇ ಮಾಡಿದರು, ಗೇರ್ ಮೇಲೆತ್ತಿದರು. ಉರಿಯುತ್ತಿದ್ದ ಚಕ್ರ ವಿಮಾನದ ಒಳಗೆ ಸೇರಿತು. ವಾಪಸು ಬರಲು ತಿರುಗಿದ ವಿಮಾನ ರನ್‌ವೇ ಮುಟ್ಟುವ ಮುಂಚೆ, ಮೂರು ಕಿ.ಮೀ.ಗೂ ಕಡಿಮೆ ದೂರ ಉಳಿದಿರುವಾಗ, ಒಡೆದು ಬಿತ್ತು. ಒಳಗಿದ್ದ 261 ಜನರೂ ಹೋದರು. ಬೇಕಾಗಿದ್ದದ್ದು ಒಂದು ಸಿಲಿಂಡರ್ ನೈಟ್ರೋಜನ್, ಒಂದಷ್ಟು ಸಮಯ, "ಈ ವಿಮಾನ ಹೋಗಕೂಡದು" ಎಂದು ಹೇಳುವ ಅಧಿಕಾರ.

ಕಣ್ಣಿನಿಂದ ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಕಾರಿನ ಗಾಲಿ ಕುಸಿದರೆ ದೂರದಿಂದಲೇ ಕಾಣುತ್ತದೆ. ವಿಮಾನದಲ್ಲಿ ಎರಡು ಗಾಲಿ ಒಂದೇ ಅಚ್ಚಿನ ಮೇಲೆ ಜೋಡಿಯಾಗಿರುತ್ತವೆ. ಒಂದರಲ್ಲಿ ಒತ್ತಡ ಇಳಿದರೆ ಇನ್ನೊಂದು ಅದನ್ನು ಎತ್ತಿ ಹಿಡಿದಿರುತ್ತದೆ, ಎರಡೂ ಒಂದೇ ಥರ ನಿಂತಿರುತ್ತವೆ. ಕಾಲಿನಿಂದ ಒದ್ದು ನೋಡಿದರೂ ಏನೂ ತಿಳಿಯದು, ಯಾಕೆಂದರೆ ಎ320ರ ಮುಖ್ಯ ಗಾಲಿಯ ಒತ್ತಡ ಸುಮಾರು 200 ಪಿ.ಎಸ್.ಐ. ಕಾರಿನದು 30ರಿಂದ 35. ಅರ್ಧ ಒತ್ತಡ ಕಳೆದುಕೊಂಡ ವಿಮಾನದ ಟೈರ್ ಕೂಡ ಕೈಗೆ ಕಲ್ಲಿನಂತೆಯೇ ಇರುತ್ತದೆ. ಕೆಲವು ವಿಮಾನಗಳಲ್ಲಿ ಒತ್ತಡವನ್ನು ಕಾಕ್‌ಪಿಟ್‌ಗೇ ತೋರಿಸುವ ವ್ಯವಸ್ಥೆ ಇದೆ. ಉಳಿದ ಕಡೆ ಗೇಜ್ ಹಿಡಿಯಲೇಬೇಕು.

ಹಿಡಿಯುವುದಕ್ಕೂ ಹೊತ್ತಿದೆ. ಈಗಷ್ಟೇ ಬಂದು ನಿಂತ ವಿಮಾನದ ಟೈರ್ ಬಿಸಿಯಾಗಿರುತ್ತದೆ, ಗೇಜ್ ತೋರಿಸುವುದು ಸುಳ್ಳು ಲೆಕ್ಕ. ಕಡಿಮೆಯೆಂದರೂ ಎರಡು ಮೂರು ಗಂಟೆ ತಣಿಯಬೇಕು. ಆದ್ದರಿಂದ ರಾತ್ರಿ ತಂಗಿದ ವಿಮಾನಕ್ಕೆ ಬೆಳಗಿನ ಜಾವ ಈ ಕೆಲಸ. ದೇವನಹಳ್ಳಿಯ ಡಿಸೆಂಬರ್ ಮಂಜಿನಲ್ಲಿ ಹೆಡ್‌ಲ್ಯಾಂಪ್ ಕಟ್ಟಿಕೊಂಡು ಮಂಡಿಯೂರಿ ಕೂತು, ವಾಲ್ವಿನ ಮುಚ್ಚಳ ತಿರುಗಿಸಿ, ಗೇಜ್ ಒತ್ತಿ, ಚುಸ್ ಎಂಬ ಶಬ್ದ ನಿಂತ ಮೇಲೆ ಮುಳ್ಳು ನೋಡಿ, ಚೀಟಿಯಲ್ಲಿ ಬರೆದುಕೊಂಡು, ಮುಂದಿನ ಗಾಲಿಗೆ ಸರಿಯುತ್ತಿದ್ದೆವು. ಗಾಲಿಯ ಹತ್ತಿರ ಹೋಗುವಾಗ ಮುಂದಿನಿಂದ ಇಲ್ಲವೇ ಹಿಂದಿನಿಂದ ಹೋಗಬೇಕು, ಪಕ್ಕದಿಂದ ಹೋಗಬಾರದು. ಅದರಲ್ಲೂ ಬ್ರೇಕ್ ಬಿಸಿ ಇದ್ದಾಗ. ರಿಮ್ ಸಿಡಿದರೆ ಚೂರುಗಳು ಹಾರುವುದು ಪಕ್ಕಕ್ಕೆ. ನನಗೆ ಕೆಲಸ ಕಲಿಸಿದ ಹಿರಿಯರು ಹೊಸಬರ ತೋಳು ಹಿಡಿದು ಎಳೆದು ಸರಿಯಾದ ಜಾಗದಲ್ಲಿ ನಿಲ್ಲಿಸುತ್ತಿದ್ದರು, ಮಾತು ಆಮೇಲೆ.

ಚೀಟಿಯ ಅಂಕಿಗೆ ತಕ್ಕಂತೆ ಏನು ಮಾಡಬೇಕೆಂಬುದು ಕೈಪಿಡಿಯಲ್ಲಿ ಬರೆದಿದೆ. ಟೈರ್ ತಯಾರಕರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ. ಇರಬೇಕಾದ ಒತ್ತಡದ ಶೇ 95ಕ್ಕಿಂತ ಮೇಲಿದ್ದರೆ ಕೊರತೆ ತುಂಬಿದರೆ ಸಾಕು. ಶೇ 90ರಿಂದ 95ರ ನಡುವೆ ಇದ್ದರೆ ತುಂಬಿ, ದಾಖಲಿಸಿ, ಮರುದಿನ ಮತ್ತೆ ನೋಡಬೇಕು. 90ಕ್ಕಿಂತ ಕೆಳಗಿದ್ದರೆ ಗಾಲಿ ಬಿಚ್ಚಬೇಕು. 80ಕ್ಕಿಂತ ಕೆಳಗಿನ ಒತ್ತಡದಲ್ಲಿ ವಿಮಾನ ಉರುಳಿದ್ದರೆ ಅದರ ಜೋಡಿಯನ್ನೂ ಬಿಚ್ಚಬೇಕು. ಆ ಜೋಡಿ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಾಣಲಿ, ಹೊರಬಾರದ ಭಾರ ಹೊತ್ತು ಒಳಗೆ ಏಟು ತಿಂದಿರುತ್ತದೆ. ಸರಿಯಾಗಿರುವ ಟೈರ್ ಕೂಡ ಒಂದು ದಿನಕ್ಕೆ ಶೇ 5ರವರೆಗೆ ಒತ್ತಡ ಕಳೆದುಕೊಳ್ಳಬಹುದು. ಹವೆಯ ಉಷ್ಣತೆ 3 ಡಿಗ್ರಿ ಇಳಿದರೆ ಒತ್ತಡ ಶೇ 1ರಷ್ಟು ಇಳಿಯುತ್ತದೆ. ಬೆಂಗಳೂರಿನಿಂದ ಜನವರಿಯ ದೆಹಲಿಗೆ ಹೋಗಿ ರಾತ್ರಿ ನಿಂತ ವಿಮಾನದ ಗಾಲಿ ಏನೂ ಸೋರದೆಯೇ ಶೇ 3–4 ಕಡಿಮೆ ತೋರಿಸಿದರೆ ಅಚ್ಚರಿಯಿಲ್ಲ. ನಿನ್ನೆ ನೋಡಿದ್ದೇವಲ್ಲ ಎಂಬ ಮಾತು ಈ ಕೆಲಸದಲ್ಲಿ ನಡೆಯದಿರುವುದು ಇದಕ್ಕೇ.

ಗಾಲಿಯಿಂದ ಮೇಲೆ ನೋಡಿದರೆ ಫಳಫಳ ಹೊಳೆಯುವ ಕಂಬ. ಅದು ಸ್ಟ್ರಟ್. ಒಳಗೆ ಎಣ್ಣೆ ಮತ್ತು ನೈಟ್ರೋಜನ್ ಸೇರಿ ಇಳಿಯುವ ಪೆಟ್ಟನ್ನು ನುಂಗುತ್ತವೆ. ಹೊಳೆಯುವ ಭಾಗ ಎಷ್ಟು ಉದ್ದ ಕಾಣಬೇಕು ಎಂಬುದಕ್ಕೆ ಒತ್ತಡಕ್ಕೆ ಹೊಂದಿಸಿದ ಪಟ್ಟಿ ಇದೆ, ಅಳತೆಪಟ್ಟಿ ಹಿಡಿದು ನೋಡುತ್ತೇವೆ. ಅದರ ಮೇಲೆ ಕೂತ ಧೂಳು ಸೀಲಿನೊಳಗೆ ಹೋಗಿ ಅದನ್ನು ತಿನ್ನುತ್ತದೆ, ಆದ್ದರಿಂದ ಎಣ್ಣೆ ಅದ್ದಿದ ಬಟ್ಟೆಯಲ್ಲಿ ಒರೆಸುತ್ತೇವೆ. ಒರೆಸುವಾಗ ಬೆರಳಿಗೆ ತಾಗುವ ಬಣ್ಣವೂ ಮಾತಾಡುತ್ತದೆ. ಬಹುತೇಕ ದೊಡ್ಡ ವಿಮಾನಗಳಲ್ಲಿ ಹೈಡ್ರಾಲಿಕ್ ವ್ಯವಸ್ಥೆಯ ಎಣ್ಣೆ ನೇರಳೆ, ಸ್ಟ್ರಟ್ ಒಳಗಿನದು ಕೆಂಪು. ಕೆಂಪು ಜಿನುಗು ಕಂಡರೆ ಸ್ಟ್ರಟ್‌ನ ಸೀಲ್. ನೇರಳೆ ಕಂಡರೆ ಬ್ರೇಕಿನ ಪೈಪೋ, ಗೇರ್ ಎತ್ತುವ ಆಕ್ಚುಯೇಟರೋ, ಹುಡುಕಬೇಕು. ನೇರಳೆ ಎಣ್ಣೆ ಚರ್ಮಕ್ಕೆ ತಾಗಿದರೆ ಉರಿಯುತ್ತದೆ, ಕಣ್ಣಿಗೆ ಬಿದ್ದರೆ ಹೇಳುವುದೇ ಬೇಡ. ಒಂದರ ಜಾಗಕ್ಕೆ ಇನ್ನೊಂದನ್ನು ತುಂಬಿದರೆ ಸೀಲುಗಳು ಹಾಳಾಗುತ್ತವೆ. ಬ್ರೇಕ್ ನೋಡುವುದು ಸುಲಭ: ಪಾರ್ಕಿಂಗ್ ಬ್ರೇಕ್ ಹಾಕಿದಾಗ ಒಂದು ಸಣ್ಣ ಪಿನ್ ಎಷ್ಟು ಹೊರಗೆ ಉಳಿದಿದೆ ಎಂದು ನೋಡಿದರೆ ಆಯಿತು. ಪಿನ್ ಸವೆದು ಸುತ್ತಲಿನ ಲೋಹದ ಮಟ್ಟಕ್ಕೆ ಬಂದಿದ್ದರೆ ಬ್ರೇಕ್ ಬದಲಿಸುವ ಕಾಲ.

ಗ್ರೀಸ್ ಬಗ್ಗೆ ಒಂದು ಮಾತು ಹೇಳಲೇಬೇಕು, ಇದನ್ನು ಕಡೆಗಣಿಸುವವರೇ ಹೆಚ್ಚು. ಗೇರಿನ ಪ್ರತಿ ಕೀಲಿನಲ್ಲೂ ನಿಪ್ಪಲ್ ಇರುತ್ತದೆ. ಗನ್ ಹಚ್ಚಿ ಒಂದೆರಡು ಸಲ ಒತ್ತಿ ಮುಂದೆ ಹೋದರೆ ಕೆಲಸ ಮಾಡಿದಂತೆ ಕಾಣುತ್ತದೆ. ಆದರೆ ಹಳೆಯ ಕಪ್ಪು ಗ್ರೀಸ್ ಪೂರ್ತಿ ಹೊರಗೆ ಬಂದು, ಅದರ ಹಿಂದೆ ಹೊಸ ಗ್ರೀಸ್ ತನ್ನ ಬಣ್ಣದಲ್ಲೇ ಬರುವವರೆಗೆ ಒತ್ತಬೇಕು. ಗ್ರೀಸಿನ ಅರ್ಧ ಕೆಲಸ ಜಾರಿಸುವುದು, ಇನ್ನರ್ಧ ಕೀಲಿನೊಳಗೆ ಕೂತ ನೀರನ್ನು ಹೊರಗೆ ತಳ್ಳುವುದು. ಮಂಗಳೂರಿನಂಥ ಕರಾವಳಿಯ ಉಪ್ಪುಗಾಳಿಯಲ್ಲಿ ಓಡಾಡುವ ವಿಮಾನಕ್ಕೆ ಈ ಎರಡನೆಯದೇ ಮುಖ್ಯ. ತೊಳೆಯುವ ಭರದಲ್ಲಿ ಜೋರು ನೀರನ್ನು ನೇರ ಕೀಲಿಗೆ ಹೊಡೆದರೆ ಇದ್ದ ಗ್ರೀಸೂ ಕೊಚ್ಚಿಹೋಗಿ, ನೀರು ಒಳಗೆ ಉಳಿಯುತ್ತದೆ. ಗೇರ್ ತೊಳೆದ ಮೇಲೆ ಮತ್ತೆ ಗ್ರೀಸ್ ಹಾಕದೆ ಬಿಡಬಾರದು.

ಆ ನೀರು ಏನು ಮಾಡೀತು ಎಂಬುದಕ್ಕೆ ಸ್ಕ್ಯಾಂಡಿನೇವಿಯಾದ 2007ರ ಶರತ್ಕಾಲ ಸಾಕ್ಷಿ. ಸೆಪ್ಟೆಂಬರ್ 9ರಂದು ಡೆನ್ಮಾರ್ಕಿನ ಆಲ್ಬೋರ್‌ನಲ್ಲಿ ಎಸ್‌ಎಎಸ್ ಸಂಸ್ಥೆಯ ಕ್ಯೂ400 ವಿಮಾನ ಇಳಿದಾಗ ಬಲಗಡೆಯ ಗೇರ್ ಮಡಚಿಕೊಂಡು ಕುಸಿಯಿತು. ಪ್ರೊಪೆಲರ್ ನೆಲಕ್ಕೆ ಬಡಿದು ಚೂರಾಯಿತು. ಮೂರೇ ದಿನಕ್ಕೆ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಇನ್ನೊಂದು. ಬಿಚ್ಚಿ ನೋಡಿದರೆ ಗೇರ್ ಎಳೆಯುವ ಆಕ್ಚುಯೇಟರ್‌ನ ತುದಿಯ ಬೋಲ್ಟಿನ ಥ್ರೆಡ್‌ಗಳನ್ನು ತುಕ್ಕು ತಿಂದಿತ್ತು. ತುದಿ ಕಳಚಿಕೊಂಡದ್ದರಿಂದ ಗೇರ್ ತಡೆಯಿಲ್ಲದೆ ರಭಸವಾಗಿ ಬಿದ್ದು ಲಾಕ್ ಆಗುವ ಕೊಂಡಿಯನ್ನೇ ಮುರಿದಿತ್ತು. ಹೊರಗಿನಿಂದ ಆ ಭಾಗ ಅಚ್ಚುಕಟ್ಟಾಗಿ, ಬಣ್ಣ ಬಳಿದು, ನಟ್ಟು ಬಿಗಿದೇ ಇತ್ತು. ತುಕ್ಕು ಇದ್ದದ್ದು ಒಂದರೊಳಗೊಂದು ಸೇರಿದ ಥ್ರೆಡ್‌ಗಳ ನಡುವೆ, ಟಾರ್ಚ್ ಬೆಳಕು ತಲುಪದ ಕಡೆ. ಅಕ್ಟೋಬರ್ 27ರಂದು ಕೋಪನ್‌ಹೇಗನ್‌ನಲ್ಲಿ ಮೂರನೆಯದು ನಡೆಯಿತು. ಅದರ ಕಾರಣ ಬೇರೆ, ಆಕ್ಚುಯೇಟರ್ ಒಳಗೆ ಎಲ್ಲೋ ಕಳಚಿದ ರಬ್ಬರಿನ ಓ-ರಿಂಗ್ ಎಣ್ಣೆಯ ದಾರಿಗೆ ಅಡ್ಡ ಕೂತಿತ್ತು. ಮರುದಿನವೇ ಎಸ್‌ಎಎಸ್ ಆ ಮಾದರಿಯ ಎಲ್ಲ ವಿಮಾನಗಳನ್ನು ಶಾಶ್ವತವಾಗಿ ಕೈಬಿಟ್ಟಿತು. ಉಳಿದ ದೇಶಗಳಲ್ಲಿ ಆ ಭಾಗಗಳನ್ನು ತಪಾಸಣೆ ಮಾಡಿ, ಬದಲಿಸಿ, ವಿಮಾನಗಳನ್ನು ಹಾರಿಸುತ್ತ ಬಂದರು. ಅದೇ ಮಾದರಿ ಆಮೇಲೆ ನಮ್ಮ ಹುಬ್ಬಳ್ಳಿ, ಬೆಳಗಾವಿಗೂ ಬಂದಿದೆ, ನಾನೂ ಅದರಲ್ಲಿ ನೆಮ್ಮದಿಯಿಂದ ಕೂತು ಬಂದಿದ್ದೇನೆ.

ಕಣ್ಣಿಗೆ ಕಾಣದ್ದನ್ನು ಹುಡುಕುವುದಕ್ಕೇ ಗೇರನ್ನು ಇಡಿಯಾಗಿ ಬಿಚ್ಚುವ ಓವರ್‌ಹಾಲ್ ಇರುವುದು. ಎ320, 737ರಂಥ ವಿಮಾನಗಳಿಗೆ ಸಾಮಾನ್ಯವಾಗಿ 10 ವರ್ಷ ಇಲ್ಲವೇ 20,000ದ ಆಸುಪಾಸು ಹಾರಾಟ, ಯಾವುದು ಮೊದಲೋ ಅದು. ಗೇರಿನ ಮುಖ್ಯ ಭಾಗಗಳು ಅತಿ ಗಟ್ಟಿ ಉಕ್ಕಿನವು. ಅಷ್ಟು ಗಟ್ಟಿ ಉಕ್ಕಿಗೆ ಒಂದು ದುರ್ಗುಣವಿದೆ: ಸಣ್ಣ ಬಿರುಕನ್ನೂ ಅದು ತಾಳದು. ರೆಕ್ಕೆಯ ಅಲ್ಯೂಮಿನಿಯಂ ಹಾಳೆಯಲ್ಲಿ ಬಿರುಕು ನಿಧಾನ ಬೆಳೆಯುತ್ತದೆ, ಒಂದು ತಪಾಸಣೆಯಲ್ಲಿ ತಪ್ಪಿದರೆ ಇನ್ನೊಂದರಲ್ಲಿ ಸಿಗುತ್ತದೆ. ಗೇರಿನಲ್ಲಿ ಬಿರುಕು ಕಾಣುವಷ್ಟು ದೊಡ್ಡದಾಗುವ ಮುಂಚೆಯೇ ಭಾಗ ಮುರಿಯಬಹುದು. ಆದ್ದರಿಂದ ಇಂಥ ಭಾಗಗಳಿಗೆ ಆಯುಷ್ಯ ನಿಗದಿ ಮಾಡಿರುತ್ತಾರೆ. ಹುಟ್ಟಿದ ದಿನದಿಂದ ಯಾವ ವಿಮಾನದಲ್ಲಿ ಎಷ್ಟು ಸಲ ಇಳಿಯಿತು ಎಂಬ ಲೆಕ್ಕ ಸೀರಿಯಲ್ ನಂಬರ್ ಜೊತೆಗೇ ಸಾಗುತ್ತದೆ. ಲೆಕ್ಕ ಮುಗಿದರೆ ನೋಡಲು ಹೊಸದರಂತಿದ್ದರೂ ಗುಜರಿಗೆ. ಲೆಕ್ಕದ ಕಾಗದ ಕಳೆದುಹೋದ ಭಾಗವನ್ನು ಯಾವ ವಿಮಾನಕ್ಕೂ ಹಾಕುವಂತಿಲ್ಲ.

ಓವರ್‌ಹಾಲ್‌ನಲ್ಲಿ ಬಣ್ಣ, ಲೇಪ ಎಲ್ಲ ತೆಗೆದು ಬೆತ್ತಲೆ ಉಕ್ಕನ್ನು ಕಾಂತೀಯಗೊಳಿಸಿ, ಹೊಳೆಯುವ ಕಬ್ಬಿಣದ ಪುಡಿ ಕಲಸಿದ ದ್ರವವನ್ನು ಸುರಿಯುತ್ತಾರೆ. ಕತ್ತಲ ಕೋಣೆಯಲ್ಲಿ ಅತಿನೇರಳೆ ಬೆಳಕು ಬಿಟ್ಟರೆ, ಬಿರುಕು ಇದ್ದಲ್ಲಿ ಕೂದಲೆಳೆಯಷ್ಟು ಹಸಿರು ಗೆರೆ ಮೂಡುತ್ತದೆ. ಮೊದಲ ಸಲ ಆ ಗೆರೆ ನೋಡಿದಾಗ ಮೈ ಜುಂ ಎಂದಿತ್ತು. ಒಂದು ನಿಮಿಷದ ಮುಂಚೆ ಅದೇ ಜಾಗವನ್ನು ಬೆರಳಲ್ಲಿ ಸವರಿದ್ದೆ, ನುಣ್ಣಗಿತ್ತು. ಆಮೇಲೆ ಹೊಸ ಲೇಪ ಕೊಡುತ್ತಾರೆ. ಅದರಲ್ಲೂ ಅಪಾಯವಿದೆ. ಲೇಪದ ತೊಟ್ಟಿಯಲ್ಲಿ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೆ ನುಗ್ಗಿ ಅದನ್ನು ಗಾಜಿನಂತೆ ಪೆಡಸು ಮಾಡಬಲ್ಲದು. ಅದನ್ನು ಹೊರಗೆ ಓಡಿಸಲು ಸುಮಾರು 190 ಡಿಗ್ರಿ ಬಿಸಿಯ ಒಲೆಯಲ್ಲಿ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಇಡಬೇಕು. ಈ ಹೊತ್ತನ್ನು ಕಡಿತ ಮಾಡಿದರೆ ಅವತ್ತು ಏನೂ ಆಗುವುದಿಲ್ಲ. ತಿಂಗಳುಗಳ ಮೇಲೆ, ನಿಂತಲ್ಲೇ ಮುರಿಯಬಹುದು. ಹಾಗೆ ಮುರಿದ ಭಾಗಗಳು ಯಾಕೆ ಮುರಿದವೆಂದು ಓದುವುದೂ ಒಂದು ವಿದ್ಯೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ಇದನ್ನೇ ಮಾಡುವ ತಂಡವೊಂದು ದಶಕಗಳಿಂದ ಇದೆ. ಮುರಿದ ಮುಖವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಬಿರುಕು ಎಲ್ಲಿ ಶುರುವಾಗಿ ಯಾವ ಕಡೆ ಬೆಳೆಯಿತು ಎಂಬುದು ಅಲೆಅಲೆಯಾಗಿ ಕಾಣುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳಿಗೆ ಇಂಥ ಕೆಲಸವೂ ಇದೆ ಎಂದು ಗೊತ್ತೇ ಇಲ್ಲ ಅನ್ನುವುದು ಬೇಸರದ ಸಂಗತಿ.

ಉಕ್ಕು, ಎಣ್ಣೆ, ಗ್ರೀಸು ಎಲ್ಲ ಸರಿ ಇದ್ದು ಮನುಷ್ಯನ ಕೈ ಒಂದು ಇಂಚು ತಪ್ಪಿದರೆ? 2021ರ ಜೂನ್ 18ರಂದು ಲಂಡನ್ನಿನ ಹೀಥ್ರೂದಲ್ಲಿ ಬ್ರಿಟಿಷ್ ಏರ್‌ವೇಸ್‌ನ 787ಕ್ಕೆ ಸರಕು ತುಂಬುತ್ತಿದ್ದರು. ಒಂದು ದೋಷದ ಸಂದೇಶ ಅಳಿಸಲು, ನೆಲದ ಮೇಲೆ ನಿಂತಿರುವಾಗಲೇ ಗೇರ್ ಹಿಡಿಕೆಯನ್ನು ಮೇಲೆತ್ತಬೇಕಿತ್ತು. ಗೇರ್ ನಿಜವಾಗಿಯೂ ಮಡಚಿಕೊಳ್ಳದಂತೆ ಲಾಕ್ ಪಿನ್ ಹಾಕುವುದು ಕ್ರಮ, ಕೆಂಪು ಪಟ್ಟಿ ತೂಗುವ ಆ ಪಿನ್‌ಗಳನ್ನು ನೀವೂ ಕಿಟಕಿಯಿಂದ ನೋಡಿರುತ್ತೀರಿ. ಪಿನ್ ಹಾಕುವ ಜಾಗ ಹಿರಿಯ ಎಂಜಿನಿಯರ್ ಕೈಗೆ ಎಟುಕಲಿಲ್ಲ. ಅವರು ಕೈ ತೋರಿಸಿದರು, ಜೊತೆಯವರು ಏಣಿ ಹತ್ತಿ ಹಾಕಿದರು. ಹಾಕಿದ್ದು ಪಕ್ಕದ ತೂತಿಗೆ. ಹಿಡಿಕೆ ಎತ್ತಿದ ಕೂಡಲೇ ಮುಂದಿನ ಗೇರ್ ಮಡಚಿಕೊಂಡು ವಿಮಾನದ ಮೂಗು ನೆಲಕ್ಕೆ ಬಿತ್ತು. ಆ ಪಕ್ಕದ ತೂತಿಗೆ ಪಿನ್ ಹೋಗದಂತೆ ಒಂದು ಬುಷ್ ಹಾಕಿ ಎಂದು ಮೊದಲೇ ಆದೇಶ ಹೊರಟಿತ್ತು, ಹಾಕಲು ಕೊಟ್ಟ ಗಡುವು ಇನ್ನೂ ಮುಗಿದಿರಲಿಲ್ಲ. ಆ ಇಬ್ಬರ ಮೇಲೆ ಸಿಟ್ಟು ಮಾಡಲು ನನಗೆ ಮನಸ್ಸು ಬರುವುದಿಲ್ಲ. ಒಂದೇ ಅಳತೆಯ ಎರಡು ತೂತುಗಳನ್ನು ಪಕ್ಕಪಕ್ಕ ಇಟ್ಟ ವಿನ್ಯಾಸವೇ ಅವರನ್ನು ಆ ತಪ್ಪಿನ ಕಡೆಗೆ ತಳ್ಳಿತ್ತು.

ಕೆನಡಾದ ಸಾರಿಗೆ ಇಲಾಖೆಯಲ್ಲಿದ್ದ ಗಾರ್ಡನ್ ಡುಪಾಂಟ್ 1993ರಲ್ಲಿ ನಿರ್ವಹಣಾ ಸಿಬ್ಬಂದಿ ಯಾವ ಹನ್ನೆರಡು ಕಾರಣಗಳಿಂದ ತಪ್ಪು ಮಾಡುತ್ತಾರೆ ಎಂದು ಪಟ್ಟಿ ಮಾಡಿದರು. ಇವತ್ತು ಜಗತ್ತಿನ ಬಹುತೇಕ ಹ್ಯಾಂಗರ್‌ಗಳ ಗೋಡೆಯ ಮೇಲೆ ಅದು ಇದೆ. ಆಯಾಸ, ಗಮನ ಚದುರುವುದು, ಸಾಮಗ್ರಿಯ ಕೊರತೆ ಇವೆಲ್ಲ ಅದರಲ್ಲಿವೆ. ನಾನು ಎಲ್ಲಕ್ಕಿಂತ ಮೇಲೆ ಇಡುವುದು ಎರಡನ್ನು: ಮೇಲಿನಿಂದ ಬರುವ ಅವಸರದ ಒತ್ತಡ, ಅದರ ಎದುರು ಗಟ್ಟಿಯಾಗಿ ಮಾತಾಡಲಾಗದಿರುವುದು. ವಿಮಾನದ ದಾಖಲೆ ಪುಸ್ತಕವಾದ ಟೆಕ್ ಲಾಗ್‌ನಲ್ಲಿ ಎ.ಎಂ.ಇ. ಸಹಿ ಇಲ್ಲದೆ ದುರಸ್ತಿಯಾದ ವಿಮಾನ ಹಾರುವಂತಿಲ್ಲ, ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮವೂ ಅದೇ. ಆದರೆ ವಿಮಾನ ಬಂದು ಮತ್ತೆ ಹೊರಡಲು ಅರ್ಧ ಗಂಟೆ ಮಾತ್ರ ಇದ್ದು, ಫೋನ್ ಮೇಲೆ ಫೋನ್ ಬರುತ್ತಿದ್ದಾಗ ಪೆನ್ನನ್ನು ಜೇಬಿಗೆ ಹಾಕಿಕೊಂಡು ನಿಲ್ಲುವುದಕ್ಕೆ ನಿಯಮದ ಜೊತೆಗೆ ಬೆನ್ನ ಹಿಂದೆ ಸಂಸ್ಥೆಯ ಬಲವೂ ಬೇಕಾಗುತ್ತದೆ. ಪೈಲಟ್‌ಗಳದೂ ಇದರಲ್ಲಿ ಪಾಲಿದೆ. ಜೋರಾಗಿ ಇಳಿದೆ ಎಂದು ಅನ್ನಿಸಿದರೆ ಬರೆಯಬೇಕು. ಎ320ರಲ್ಲಿ ಇಳಿದ ಪೆಟ್ಟು 2.6 ಜಿ, ಅಂದರೆ ಗುರುತ್ವದ 2.6 ಪಟ್ಟು, ದಾಟಿದೆ ಎಂದು ದಾಖಲಾದರೆ ಗೇರನ್ನು ತಪಾಸಣೆ ಮಾಡಲೇಬೇಕು. ಯಂತ್ರ ಹೇಗೂ ಬರೆದುಕೊಳ್ಳುತ್ತದೆ ಎಂದು ಸುಮ್ಮನಿರದೆ ತಾವಾಗಿ ಬಂದು ಹೇಳುತ್ತಿದ್ದ ಕ್ಯಾಪ್ಟನ್‌ಗಳ ಮೇಲೆ ನಮಗೆ ಇದ್ದ ಗೌರವವೇ ಬೇರೆ.

ಈಗ ನಮ್ಮ ರಾಜ್ಯದಲ್ಲೇ ಕಲಬುರಗಿ, ಬೀದರ್, ಶಿವಮೊಗ್ಗಗಳಲ್ಲೂ ವಿಮಾನ ನಿಲ್ದಾಣಗಳಿವೆ. ನನಗೆ ಬಹಳ ಸಂತೋಷದ ವಿಷಯ. ಆದರೆ ಇಂಥ ನಿಲ್ದಾಣದಲ್ಲಿ ಗಾಲಿಗೆ ಏಟಾಗಿ, ಅಲ್ಲಿ ಬಿಡಿ ಗಾಲಿ ಇಲ್ಲದಿದ್ದರೆ, ಅದು ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ರಸ್ತೆಯಲ್ಲಿ ಬರಬೇಕು. ದೊಡ್ಡ ಹ್ಯಾಂಗರಿನಿಂದ ದೂರವಿದ್ದಷ್ಟೂ "ಇದೊಂದು ಸಲ ಹೋಗಿಬಿಡಲಿ" ಎಂಬ ಆಸೆ ಹೆಚ್ಚು. ಆದ್ದರಿಂದ ಯಾವುದೇ ಊರಿಗೆ ವಿಮಾನ ಶುರು ಮಾಡುವ ಸಂಸ್ಥೆ ಮೊದಲ ದಿನವೇ ಅಲ್ಲಿ ನೈಟ್ರೋಜನ್ ಸಿಲಿಂಡರ್, ಜ್ಯಾಕ್, ಅವಧಿ ಮುಗಿಯದ ಗೇಜ್, ಒಂದು ಜೊತೆ ಗಾಲಿ ಇಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಉದ್ಘಾಟನೆಗೆ ಹೋಗುವ ಜನಪ್ರತಿನಿಧಿಗಳು ಟೇಪು ಕತ್ತರಿಸುವ ಮುಂಚೆ ಆ ಕೋಣೆಯನ್ನೂ ಒಮ್ಮೆ ತೆರೆಸಿ ನೋಡಲಿ. ಗಾಲಿ ಬದಲಿಸಲು ಮೂರು ಗಂಟೆ ತಡ ಎಂದು ಕೌಂಟರಿನಲ್ಲಿ ಹೇಳಿದರೆ ಕಾರಣವನ್ನು ಕೇಳಿ ತಿಳಿದುಕೊಳ್ಳಿ, ಊಟ ತಿಂಡಿಯ ವ್ಯವಸ್ಥೆಯನ್ನು ಹಕ್ಕಿನಿಂದ ಕೇಳಿ, ಆದರೆ ಬೇಗ ಹೊರಡಿಸಿ ಎಂದು ಮಾತ್ರ ಒತ್ತಾಯಿಸಬೇಡಿ. ಆ ಕೂಗು ಕೌಂಟರಿನಿಂದ ಫೋನಿಗೆ, ಫೋನಿನಿಂದ ಬೇನಲ್ಲಿ ಮಂಡಿಯೂರಿ ಕೂತವನ ಕಿವಿಗೆ ತಲುಪುತ್ತದೆ.